ನೋಡುವವನನ್ನು ನೋಡುವವಳು

ಸ್ವಾಗತ ಕೋಣೆಯ ಫಲಕದಲ್ಲಿ ಅವನ ಹೆಸರು ಕೆಳಗಿತ್ತು. ಮೇಲೆ ಅವಳದು, ದಪ್ಪ ಅಕ್ಷರದಲ್ಲಿ. ಅದರಡಿ ಅವನದು, ಜಾಗ ಸಾಲದೆ ಕೊನೆಯ ಅಕ್ಷರಗಳು ಅಂಚಿಗೆ ಒತ್ತಿಕೊಂಡು ನಿಂತಿದ್ದವು. ಇವತ್ತು ಈ ಕಾರ್ಖಾನೆಯ ಗುಣಮಟ್ಟದ ಆಡಿಟ್ ಮಾಡುವವನು ನಾನಲ್ಲವೇ, ಆಕೆ ಬಂದಿರುವುದು ಮೂಲೆಯಲ್ಲಿ ಕೂತು ನಾನು ಹೇಗೆ ಮಾಡುತ್ತೇನೆಂದು ನೋಡಲಿಕ್ಕಲ್ಲವೇ, ಎಂದು ಯಾರನ್ನು ಕೇಳುವುದು? ಬಾಗಿಲಲ್ಲಿ ನಿಂತಿದ್ದ ಎಮ್ಮಾರ್, ಅಂದರೆ ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್ ಎಂಬ ಉದ್ದನೆಯ ಹುದ್ದೆಯ ಗಿಡ್ಡ ಮನುಷ್ಯ, ಹೂಗುಚ್ಛವನ್ನು ನೇರವಾಗಿ ಅವಳ ಕೈಗೆ ಕೊಟ್ಟು ಆಮೇಲೆ ಇವನತ್ತ ತಿರುಗಿ, ‘ತಾವು ಮೇಡಂ ಜೊತೆ ಬಂದೋರಾ?’ ಎಂದು ಕೇಳಿದ. ‘ಇಲ್ಲ, ನಾನೇ ಇವರ ಜೊತೆ ಬಂದಿರೋದು. ನಾನಿಲ್ಲ ಅಂದ್ಕೊಳ್ಳಿ’ ಎಂದಳು ಅವಳು. ನಾನಿಲ್ಲ ಅಂದ್ಕೊಳ್ಳಿ! ಬೆನ್ನ ಹಿಂದೆ ಕೂತು ಉಸಿರುಸಿರಿಗೂ ಅಂಕ ಹಾಕುವವಳನ್ನು ಇಲ್ಲ ಅಂದುಕೊಳ್ಳುವುದು ಹಲ್ಲುನೋವನ್ನು ಇಲ್ಲ ಅಂದುಕೊಂಡ ಹಾಗೆ. ಈ ಕಸುಬಿನಲ್ಲಿ ಕೋರ್ಸು ಮುಗಿಸಿ, ಪರೀಕ್ಷೆ ಪಾಸಾಗಿ, ಹಳಬರ ಹಿಂದೆ ಊರೂರು ಸುತ್ತಿ ಅವರ ಚೀಲ ಹೊತ್ತರೂ ಸಾಲದು. ಕೊನೆಗೊಂದು ದಿನ ನೀನು ಒಬ್ಬನೇ ಆಡಿಟ್ ಮಾಡುವುದನ್ನು ಇನ್ನೊಬ್ಬರು ನೋಡಿ ‘ಆಗಬಹುದು’ ಎನ್ನಬೇಕು. ಹಾಗೆ ಅಂದರೆ ಮಾತ್ರ ಅವನು ಆಡಿಟರ್. ಇಲ್ಲವಾದರೆ ಭಾವಮೈದುನನ ಟೈಲ್ಸ್ ಅಂಗಡಿಯ ಗೋದಾಮು ಕಾದಿದೆ. ‘ಭಾವಾ, ಸುಮ್ನೆ ಮನೇಲಿ ಕೂತು ಕೂತು ತುಕ್ಕು ಹಿಡೀತೀರಾ, ಬನ್ನಿ, ಫ್ಯಾನ್ ಕೆಳಗೆ ಒಂದು ಕುರ್ಚಿ ಹಾಕಿಸ್ತೀನಿ, ಲಾರಿ ಬಂದಾಗ ಎಣಿಸ್ಕೊಂಡ್ರೆ ಸಾಕು’ ಎಂದು ಅವನು ಹೇಳಿದ ಧಾಟಿಯಲ್ಲಿ ಎಷ್ಟು ಪ್ರೀತಿಯಿತ್ತೆಂದರೆ ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಬರುವ ಭಾನುವಾರದೊಳಗೆ ಹೂಂ ಅಥವಾ ಊಹೂಂ ಅನ್ನಬೇಕಾಗಿತ್ತು.

ಅದು ಏಣಿ ಮಾಡುವ ಕಾರ್ಖಾನೆ. ಮನೆಯಲ್ಲಿ ಬಲ್ಬು ಬದಲಿಸುವುದಕ್ಕೆ, ಅಂಗಡಿಯ ಮೇಲಿನ ಕಪಾಟಿಗೆ ಕೈ ಹಾಕುವುದಕ್ಕೆ, ಬಣ್ಣ ಬಳಿಯುವವರು ಗೋಡೆಗೆ ಒರಗಿಸಿ ಹತ್ತುವುದಕ್ಕೆ ಬೇಕಾದ ಅಲ್ಯೂಮಿನಿಯಂ ಏಣಿಗಳು. ಸಭೆಯ ಕೋಣೆಯ ಗೋಡೆಯ ಮೇಲೆ ಗುಣಮಟ್ಟದ ನೀತಿಯನ್ನು ಚೌಕಟ್ಟು ಹಾಕಿ ನೇತುಹಾಕಿದ್ದರು: ನಿರಂತರ ಸುಧಾರಣೆ, ಗಿರಾಕಿಯ ಸಂತೃಪ್ತಿ, ಎಲ್ಲರ ತೊಡಗಿಕೊಳ್ಳುವಿಕೆ. ಈ ಮೂರು ಮಾತು ಇಲ್ಲದ ಗೋಡೆಯನ್ನು ಅವನು ಈ ಎರಡು ವರ್ಷದಲ್ಲಿ ಒಂದೂ ನೋಡಿರಲಿಲ್ಲ. ಬಿಸ್ಕತ್ತು ಮಾಡುವವರಿಗೂ ಅದೇ, ಶವಪೆಟ್ಟಿಗೆ ಮಾಡುವವರಿಗೂ ಅದೇ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಆರಂಭದ ಮಾತುಗಳನ್ನು ಒಪ್ಪಿಸಿದ. ಆಡಿಟ್‌ನ ಉದ್ದೇಶ ತಪ್ಪು ಹುಡುಕುವುದಲ್ಲ, ಸಹಕಾರ ಇರಲಿ, ಇಲ್ಲಿ ನೋಡಿದ್ದು ಹೊರಗೆ ಹೋಗುವುದಿಲ್ಲ. ಹೇಳುತ್ತ ಹೇಳುತ್ತ ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ಮೈ ಪರಚಿಕೊಳ್ಳುವಂತಾಯಿತು, ಯಾಕೆಂದರೆ ಇದೇ ಮಾತನ್ನು ಇದೇ ರಾಗದಲ್ಲಿ ಒಬ್ಬ ಕನ್ಸಲ್ಟೆಂಟು ಅವನ ಹಳೆಯ ಕಾರ್ಖಾನೆಯಲ್ಲಿ ಹೇಳಿದ್ದ. ಆಗ ಅವನು ಅಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥ. ಬೆನ್ನ ಹಿಂದೆ ಜನ ‘ಮೈಕ್ರೋಮೀಟರು’ ಅಂತಿದ್ದರು, ಕೂದಲೆಳೆ ಹೆಚ್ಚುಕಮ್ಮಿಯಾದರೂ ಮಾಲು ವಾಪಸು ಕಳಿಸುತ್ತಿದ್ದುದಕ್ಕೆ. ಕಾಲಿಗೆ ಕನ್ನಡಿಯಂಥ ಶೂಸು ಹಾಕಿದ ಆ ಕನ್ಸಲ್ಟೆಂಟು ಒಂದು ವಾರ ಇದ್ದು, ಕ್ಯಾಂಟೀನಿನಲ್ಲಿ ಪುಕ್ಕಟೆ ಉಂಡು, ಇವನೇ ಹೇಳಿದ್ದನ್ನು ಇವನ ಯಜಮಾನರಿಗೆ ಚಿತ್ರ ಸಮೇತ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದ. ನಮ್ಮನೆ ಅಡುಗೆಗೆ ಉಪ್ಪು ಸಾಲದು ಅಂತ ನಮಗೇ ಹೇಳಿ ಉಂಡು ಹೋಗೋರು ಇವರು, ಎಂದು ಅವನು ವಿಭಾಗದಲ್ಲೆಲ್ಲ ನಗಿಸಿಕೊಂಡು ತಿರುಗಿದ್ದ. ಆಮೇಲೆ ಕಾರ್ಖಾನೆ ಇನ್ನೊಬ್ಬರ ಕೈಗೆ ಹೋಯಿತು, ಕ್ವಾಲಿಟಿ ವಿಭಾಗ ‘ಮರುಹೊಂದಾಣಿಕೆ’ ಆಯಿತು, ಅವನಿಗೊಂದು ಗೋಡೆ ಗಡಿಯಾರ ಕೊಟ್ಟು ಕೈ ಕುಲುಕಿದರು. ಹೊತ್ತು ಹೋಗದವನಿಗೆ ಗಡಿಯಾರ! ಈಗ ನೋಡಿದರೆ ಇವನ ಕಾಲಲ್ಲೂ ಅಂಥದೇ ಶೂಸು, ಹೆಂಡತಿ ಬೆಳಿಗ್ಗೆ ಉಜ್ಜಿ ಉಜ್ಜಿ ಕೊಟ್ಟದ್ದು. ಮೂಲೆಯಲ್ಲಿ ಕೂತಿದ್ದ ಅವಳು ಏನೋ ಬರೆದುಕೊಂಡಳು. ತಾನು ಹೇಳಿದ ಯಾವ ಮಾತಿಗೆ ಅವಳ ಪೆನ್ನು ಅಲ್ಲಾಡಿತು ಎಂದು ಹುಡುಕುವುದರಲ್ಲಿ ಮುಂದಿನ ವಾಕ್ಯ ಮರೆತೇ ಹೋಯಿತು. ‘ಇಷ್ಟೇ. ಧನ್ಯವಾದ’ ಎಂದು ಕೂತುಬಿಟ್ಟ.

ಒಳಗೆ ಶೆಡ್ಡಿನಲ್ಲಿ ಕೊಳವೆ ಕತ್ತರಿಸುವ ಕರ್ಕಶ ಸದ್ದು. ಎಮ್ಮಾರ್ ಮುಂದೆ, ಇವನು ನಡುವೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಮೊದಲ ತಿರುವಿನಲ್ಲೇ ಬೆಂಕಿ ಆರಿಸುವ ಸಿಲಿಂಡರಿನ ಚೀಟಿ ಅವಧಿ ಮೀರಿತ್ತು. ಎರಡನೆಯ ತಿರುವಿನಲ್ಲಿ ಯಂತ್ರದ ಪಕ್ಕದ ಹಲಗೆಗೆ ರದ್ದಾದ ಹಳೇ ಡ್ರಾಯಿಂಗು ಅಂಟಿಸಿತ್ತು. ‘ಅಯ್ಯೋ, ಇದು ಹೇಗೆ ಉಳ್ಕೊಂಡ್ತು!’ ಎಂದು ಎಮ್ಮಾರ್ ಹಣೆ ಬಡಿದುಕೊಂಡ, ಎಲ್ಲಿ ಬಡಿದುಕೊಳ್ಳಬೇಕೆಂದು ನಿನ್ನೆಯೇ ಅಭ್ಯಾಸ ಮಾಡಿದವನ ಹಾಗೆ. ಇವನಿಗೆ ನಗು ಒತ್ತರಿಸಿ ಬಂತು. ಇದನ್ನೆಲ್ಲ ಯಾರಿಗೆ ಹೇಳಿಕೊಡುತ್ತೀ ಮಾರಾಯ? ಕೆಲಸ ಹೋದ ಮೇಲೆ ಹಾಕಿಕೊಂಡ ಕನ್ಸಲ್ಟೆಂಟ್ ವೇಷದಲ್ಲಿ ಇವನೇ ಹೋದ ತಿಂಗಳು ಬಾಟಲಿ ಮುಚ್ಚಳ ಮಾಡುವ ಒಂದು ಕಂಪನಿಗೆ ಇದನ್ನು ಬೋಧಿಸಿ ಬಂದಿದ್ದ: ‘ಆಡಿಟರ್ ಹಸ್ಕೊಂಡು ಬಂದಿರ್ತಾನೆ. ಎರಡು ಸಣ್ಣ ತಪ್ಪು ತಟ್ಟೆಗೆ ಹಾಕಿ ಕೊಡಿ. ಹೊಟ್ಟೆ ತುಂಬಿದೋನು ಅಡುಗೆಮನೆಗೆ ಇಣುಕಲ್ಲ.’ ಮುಚ್ಚಳದ ಯಜಮಾನ ಅದನ್ನು ಕೇಳಿ ಇವನ ಬೆನ್ನು ತಟ್ಟಿದ್ದ, ಇವನೂ ತಟ್ಟಿಸಿಕೊಂಡಿದ್ದ. ಈಗ ಅದೇ ತಟ್ಟೆ ತನ್ನ ಮುಂದೆ. ಉಣ್ಣದೆ ಏನು ಮಾಡುವುದು? ಹುಬ್ಬು ಗಂಟಿಕ್ಕಿ, ಸಿಲಿಂಡರಿನ ಸಂಖ್ಯೆ ಬರೆದುಕೊಂಡ. ಡ್ರಾಯಿಂಗಿನ ಮುಂದೆ ನಿಂತು ‘ಹೂಂ’ ಎಂದು ಉದ್ದಕ್ಕೆ ಎಳೆದ. ಎಮ್ಮಾರ್ ಮುಖದಲ್ಲಿ ತಪ್ಪಿತಸ್ಥನ ಭಾವವೂ ಅದರ ಕೆಳಗೆ ಮೀನು ಗಾಳ ಕಚ್ಚಿತೆಂಬ ನೆಮ್ಮದಿಯೂ ಒಟ್ಟಿಗೇ ಕಾಣುತ್ತಿತ್ತು. ಎಂಥ ನಾಟಕ, ಎಂಥ ನಟರು. ಟಿಕೆಟ್ಟು ಕೊಂಡು ನೋಡಲು ಬಂದವಳು ಮಾತ್ರ ತುಟಿ ಪಿಟಕ್ಕೆನ್ನದೆ ಬರೆಯುತ್ತಿದ್ದಾಳೆ. ಇವನನ್ನು ಇಲ್ಲಿಗೆ ಕಳಿಸಿದ ಸರ್ಟಿಫಿಕೇಟ್ ಏಜೆನ್ಸಿಯ ಬ್ರಾಂಚ್ ಮ್ಯಾನೇಜರ್ ನಿನ್ನೆ ಫೋನಿನಲ್ಲಿ ಹೇಳಿದ್ದು ನೆನಪಾಯಿತು: ‘ನೋಡಿ ಸಾರ್, ಎರಡು ಮೂರು ಮೈನರ್ ಕೊಡಿ, ಸಣ್ಣಪುಟ್ಟ ತಪ್ಪು, ಚೆನ್ನಾಗಿರುತ್ತೆ. ಮೇಜರ್ ಗೀಜರ್ ಅಂತ ಹೋಗ್ಬೇಡಿ. ಹಳೇ ಗಿರಾಕಿ, ಕೋಪ ಮಾಡ್ಕೊಂಡು ಬೇರೆ ಏಜೆನ್ಸಿಗೆ ಹೋದ್ರೆ ನಿಮ್ಮ ಮೊದಲನೇ ಆಡಿಟ್ಟೇ ಕಪ್ಪು ಚುಕ್ಕೆ ಆಗುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.’ ಅವನ ಒಳ್ಳೆಯದಕ್ಕೆ ಹೇಳುವವರ ಸಂಖ್ಯೆ ಕೆಲಸ ಹೋದಂದಿನಿಂದ ಬೆಳೆಯುತ್ತಲೇ ಇತ್ತು. ಹೆಂಡತಿಯೊಬ್ಬಳೇ ಹಾಗೆ ಹೇಳುತ್ತಿರಲಿಲ್ಲ. ಅವಳ ತವರಿನವರೆಲ್ಲ ಊಟಕ್ಕೆ ಸೇರಿದ್ದ ದಿನ ಯಾರೋ ದೂರದ ಚಿಕ್ಕಮ್ಮ ‘ಅಳಿಯಂದಿರು ಈಗೇನ್ ಮಾಡ್ತಿದಾರೆ?’ ಎಂದು ಕೇಳಿದಾಗ, ಅವಳು ಬಡಿಸುತ್ತಿದ್ದ ಸೌಟನ್ನು ಒಂದು ಗಳಿಗೆ ಹಾಗೇ ಹಿಡಿದು, ಇವನ ಮುಖ ನೋಡದೆ, ‘ಕನ್ಸಲ್ಟೆಂಟು, ಚಿಕ್ಕಮ್ಮ. ದೊಡ್ಡ ದೊಡ್ಡ ಕಂಪನಿಗಳಿಗೆಲ್ಲ ಸಲಹೆ ಕೊಡ್ತಾರೆ’ ಎಂದಿದ್ದಳು. ಚಿಕ್ಕಮ್ಮ ‘ಓ’ ಎಂದಳು. ಭಾವಮೈದುನ ತಟ್ಟೆಯ ಮೇಲೆ ಬಗ್ಗಿ ಮುಸಿಮುಸಿ ನಕ್ಕ. ಸೌಟು ನಿಂತಿದ್ದ ಆ ಒಂದು ಗಳಿಗೆಯನ್ನು ಅವನು ಯಾರಿಗೂ ಕ್ಷಮಿಸಿರಲಿಲ್ಲ, ತನಗಂತೂ ಇಲ್ಲವೇ ಇಲ್ಲ.

‘ಈಗ ಹೊರೆ ಪರೀಕ್ಷೆ ನೋಡೋಣ’ ಎಂದ. ನಿಯಮದ ಪ್ರಕಾರ ಪ್ರತಿ ಬ್ಯಾಚಿನ ಮಾಲಿನಿಂದ ಒಂದು ಏಣಿ ತೆಗೆದು, ನಡುವಿನ ಮೆಟ್ಟಿಲ ಮೇಲೆ ನೂರೈವತ್ತು ಕಿಲೋ ಭಾರ ಹೇರಿ, ಬಾಗುತ್ತದೆಯೋ ಇಲ್ಲವೋ ನೋಡಬೇಕು. ಮರಳಿನ ಚೀಲವೋ ಕಬ್ಬಿಣದ ತೂಕವೋ ಕಾಣಬಹುದೆಂದು ಅವನು ಸುತ್ತ ಕಣ್ಣಾಡಿಸಿದ. ಬದಲಿಗೆ ಸ್ಟೋರಿನ ಕಡೆಯಿಂದ ಒಬ್ಬ ಮನುಷ್ಯ ನಗುತ್ತ ಬಂದ. ‘ಇವರೇ ಸಾರ್ ನಮ್ಮ ಟೆಸ್ಟು’ ಎಂದ ಎಮ್ಮಾರ್. ‘ನಮ್ಮ ಸ್ಟೋರ್ ಕೀಪರ್. ಕಂಪನಿ ಶುರುವಾದಾಗಿಂದ ಪ್ರತಿ ಏಣೀನೂ ಇವರ ಕಾಲ್ಕೆಳಗೇ ಪಾಸಾಗಿರೋದು. ನಿಮ್ಮ ಏಜೆನ್ಸಿಯೋರು ಹೋದ ಸಲ ಬಂದಾಗ ಇವರದೇ ಫೋಟೋ ತೆಗೆಸ್ಕೊಂಡು ಹೋದ್ರು.’ ಸ್ಟೋರ್ ಕೀಪರ್ ಎರಡು ಕೈಯಲ್ಲೂ ಬೋಲ್ಟು ತುಂಬಿದ ಡಬ್ಬ ಎತ್ತಿಕೊಂಡು, ಮದುವಣಿಗನ ಠೀವಿಯಲ್ಲಿ ಮೂರನೆಯ ಮೆಟ್ಟಿಲು ಹತ್ತಿ ನಿಂತು, ಒಮ್ಮೆ ಕುಪ್ಪಳಿಸಿಯೂ ತೋರಿಸಿದ. ಏಣಿ ಕಿರ್ರೆನ್ನಲಿಲ್ಲ. ಪಕ್ಕದಲ್ಲಿದ್ದವನು ‘ಪಾಸ್’ ಎಂದು ಹೇಳಿ ಗುರುತು ಹಾಕಿದ. ಭಾರ ಅಂದರೆ ಮನುಷ್ಯ! ಒಂದು ಕ್ಷಣ ಅವನಿಗೆ ಬಿದ್ದು ಬಿದ್ದು ನಗಬೇಕೆನಿಸಿತು. ಇಪ್ಪತ್ತೈದು ವರ್ಷ ಅಳತೆಯಲ್ಲೇ ಬದುಕಿದವನಿಗೆ ಕೊನೆಗೂ ಉಂಡು ಮಲಗಿ ಎದ್ದು ಬರುವ ತೂಕದ ಕಲ್ಲು ಸಿಕ್ಕಿತ್ತು. ಆಮೇಲೆ ಅವನ ಕಣ್ಣು ಆ ಮನುಷ್ಯನ ಸೊಂಟಕ್ಕೆ ಬಿತ್ತು. ಪ್ಯಾಂಟು ನೆರಿಗೆ ನೆರಿಗೆಯಾಗಿ ಒಟ್ಟುಗೂಡಿತ್ತು. ಬೆಲ್ಟಿಗೆ ಮೊಳೆಯಿಂದ ಹೊಸದಾಗಿ ತೂತು ಹೊಡೆದು, ಉಳಿದ ತುದಿಯನ್ನು ಹಿಂದಕ್ಕೆ ಸಿಕ್ಕಿಸಿದ್ದ.

‘ಸಣ್ಣ ಆಗಿದೀರಾ?’ ಎಂದು ಕೇಳಿದ, ಏನೂ ಅಲ್ಲದ ಮಾತಿನ ಹಾಗೆ.

‘ಅಯ್ಯೋ ಏನ್ ಕೇಳ್ತೀರಾ ಸಾರ್!’ ಸ್ಟೋರ್ ಕೀಪರ್ ಏಣಿಯ ಮೇಲಿಂದಲೇ ಹಿಗ್ಗಿದ. ‘ಸಕ್ಕರೆ ಕಾಯಿಲೆ ಅಂತ ಡಾಕ್ಟರ್ ಹೆದರಿಸ್ಬಿಟ್ರು. ಮನೆಯೋಳು ಅನ್ನ ನಿಲ್ಲಿಸಿದ್ಲು. ದಿನಾ ವಾಕಿಂಗು. ಮೊದಲು ನೋಡ್ಬೇಕಿತ್ತು ನನ್ನ, ನೂರಿಪ್ಪತ್ತು ಕೆಜಿ, ಈ ಡಬ್ಬ ಹಿಡ್ಕೊಂಡ್ರೆ ಸರಿಯಾಗಿ ನೂರೈವತ್ತು. ಈಗ ಎಪ್ಪತ್ತೆಂಟು!’

‘ಡಿಸಿಪ್ಲಿನ್ ಸಾರ್’ ಎಂದ ಎಮ್ಮಾರ್. ‘ನಾವೆಲ್ಲ ಸೇರಿ ಒಂದು ಕೇಕು ಕತ್ತರಿಸಿದ್ವಿ.’

‘ಡಬ್ಬ?’

‘ಡಬ್ಬ ಅದೇ ಸಾರ್. ಅದನ್ನೇನೂ ಬದಲಾಯಿಸಿಲ್ಲ’ ಎಂದ ಸ್ಟೋರ್ ಕೀಪರ್, ನಿಯಮ ತಪ್ಪದವನ ಹೆಮ್ಮೆಯಿಂದ.

ಯಾರೂ ಕೂಡಿ ಕಳೆಯುವ ಲೆಕ್ಕಕ್ಕೆ ಹೋಗಿರಲಿಲ್ಲ. ಕೇಕು ಕತ್ತರಿಸಿದವರಿಗೂ ತಿಂದವರಿಗೂ ಹೊಳೆದಿರಲಿಲ್ಲ. ಮನುಷ್ಯ ಕರಗಿದ, ಜೊತೆಗೆ ಪರೀಕ್ಷೆಯೂ ಕರಗಿತು. ಗುರುತು ಹಾಕುವವನು ಮಾತ್ರ ಪಾಸ್, ಪಾಸ್ ಎನ್ನುತ್ತಲೇ ಇದ್ದಾನೆ. ಇವನ ಮೈ ಜುಮ್ಮೆಂದಿತು, ಹಳೆಯ ಮೈಕ್ರೋಮೀಟರಿನ ಜುಮ್ಮು, ಎಷ್ಟೋ ದಿನದ ಮೇಲೆ. ‘ಕೊಳವೆ ಯಾರಿಂದ ತರಿಸ್ತೀರಿ?’ ಎಂದು ಕೇಳಿದ. ಹೊಸಬರು, ಬೆಲೆ ಕಮ್ಮಿ, ಸ್ವಲ್ಪ ತೆಳು ಇರುತ್ತೆ ಆದರೆ ಟೆಸ್ಟಲ್ಲಿ ಒಂದೂ ಫೇಲಾಗಿಲ್ಲ ಎಂದ ಎಮ್ಮಾರ್, ಕೈ ಉಜ್ಜಿಕೊಳ್ಳುತ್ತ. ಫೇಲಾಗುವುದು ಹೇಗೆ? ಗೋಡೆಯ ಹತ್ತಿರ ವಾಪಸು ಬಂದ ಮಾಲಿನ ರಾಶಿಯಲ್ಲಿ ಒಂದು ಏಣಿ ಒರಗಿತ್ತು. ಅದರ ಮೇಲಿನಿಂದ ಎರಡನೆಯ ಮೆಟ್ಟಿಲು ರಿವೆಟ್ಟು ಕಿತ್ತುಕೊಂಡು ಒಂದು ಕಡೆ ಜೋತುಬಿದ್ದಿತ್ತು. ‘ಅದಾ? ಗಿರಾಕಿ ಸರಿಯಾಗಿ ಬಳಸಿಲ್ಲ ಸಾರ್’ ಎಂದು ಎಮ್ಮಾರ್ ನಡುವೆ ಬಂದು ನಿಂತ. ‘ಏನಾಯ್ತು ಅವರಿಗೆ?’ ‘ಏನೋ ಕಾಲು ಗೀಲು ಉಳುಕಿರ್ಬೇಕು. ನಾವು ಹೊಸ ಏಣಿ ಕಳಿಸ್ಕೊಟ್ವಿ. ತುಂಬಾ ಖುಷಿಯಾದ್ರು.’ ಗಿರಾಕಿಯ ಸಂತೃಪ್ತಿ! ಅವನು ತಿರುಗಿ ಅವಳನ್ನು ನೋಡಿದ. ಅವಳು ಏಣಿಯನ್ನು ನೋಡುತ್ತಿರಲಿಲ್ಲ, ರಾಶಿಯನ್ನೂ ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು. ಅವನ ಕೈ ಎಲ್ಲಿದೆ, ದನಿ ಏರಿತೇ, ಪ್ರಶ್ನೆಯನ್ನು ನಿಯಮದಂತೆ ಕೇಳಿದನೇ. ಅವಳ ಕೆಲಸ ಅದು. ಏಣಿಯನ್ನು ನೋಡುವುದು ಅವನ ಕೆಲಸ, ಅವನನ್ನು ನೋಡುವುದು ಅವಳ ಕೆಲಸ, ಅವಳನ್ನು ನೋಡಲು ಮೇಲೆ ಇನ್ಯಾರೋ ಇದ್ದಾರೆ. ಹೀಗೆ ಒಬ್ಬರ ಬೆನ್ನು ಒಬ್ಬರು ನೋಡುತ್ತ ನಿಂತ ಸಾಲಿನಲ್ಲಿ ಏಣಿ ಹತ್ತುವವನನ್ನು ನೋಡುವವರು ಯಾರೂ ಇರಲಿಲ್ಲ.

ಊಟದ ಹೊತ್ತಿನಲ್ಲಿ ಸಭೆಯ ಕೋಣೆಯಲ್ಲಿ ಇಬ್ಬರೇ ಉಳಿದರು. ಅವನು ಅನ್ನ ಕಲಸುತ್ತ ಲೆಕ್ಕ ಹಾಕಿದ. ಇದು ಮೇಜರ್, ಇದಕ್ಕೆ ಎರಡು ಮಾತಿಲ್ಲ. ಬರೆದರೆ ಇವರ ಸರ್ಟಿಫಿಕೇಟಿಗೆ ತಡೆ ಬೀಳುತ್ತದೆ, ಮಾಲು ನಿಲ್ಲುತ್ತದೆ, ಬಿಕರಿಯಾದ ಏಣಿಗಳನ್ನು ವಾಪಸು ಕರೆಸಬೇಕಾಗುತ್ತದೆ, ಬ್ರಾಂಚಿನ ಮ್ಯಾನೇಜರ್ ‘ನಿಮ್ಮ ಒಳ್ಳೇದಕ್ಕೇ ಹೇಳಿದ್ದೆ’ ಎನ್ನುತ್ತಾನೆ, ಮತ್ತೆ ಕರೆಯುವುದಿಲ್ಲ. ಬರೆಯದಿದ್ದರೆ? ಬರೆಯದಿದ್ದರೆ ಏನೂ ಆಗುವುದಿಲ್ಲ. ಅದೇ ಅದರ ಸೊಗಸು. ಎಲ್ಲೋ ಯಾವನೋ ಬಣ್ಣ ಬಳಿಯುವವನ ಕಾಲು ಉಳುಕುತ್ತದೆ, ಹೊಸ ಏಣಿ ಬರುತ್ತದೆ. ಇವಳೇನಾದರೂ ಗಮನಿಸಿದ್ದರೆ? ಗಮನಿಸಿದ್ದು ತಾನು ಬರೆಯದಿದ್ದರೆ, ಅಸಲು ತಪ್ಪನ್ನೇ ಬಿಟ್ಟವನೆಂದು ಇವಳೇ ಫೇಲು ಮಾಡುತ್ತಾಳೆ. ಇವಳ ಮುಖದಲ್ಲಿ ಏನಾದರೂ ಸಿಕ್ಕೀತೇ ಎಂದು ಹುಡುಕಿದ. ಅವಳು ಸೌತೆಕಾಯಿ ಹೋಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದಳು. ಥೂ, ತನ್ನ ಅರ್ಧ ವಯಸ್ಸಿನವಳ ಮುಖದಲ್ಲಿ ಅಪ್ಪಣೆ ಹುಡುಕುವ ಗತಿ ಬಂತಲ್ಲ. ‘ಆ ಹೊರೆ ಪರೀಕ್ಷೆ ವಿಚಾರ…’ ಎಂದು ಶುರುಮಾಡಿದ. ‘ನನ್ನ ಕೇಳ್ಬಾರದು ನೀವು’ ಎಂದಳು ಅವಳು, ಒರಟಾಗಿಯೇನೂ ಅಲ್ಲ. ‘ನಾನಿಲ್ಲ ಅಂದ್ಕೊಳ್ಳಿ. ಒಂದು ಮಾತು ಮಾತ್ರ ಹೇಳ್ಬಹುದು. ನೀವು ಜನರ ಮುಖಕ್ಕಿಂತ ಜಾಸ್ತಿ ಅವರ ಕೈ ನೋಡ್ತೀರಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ. ಅದಕ್ಕೆ ಅಂಕ ಇದೆ.’ ಅವನು ತಲೆಯಾಡಿಸಿದ. ಕಣ್ಣಲ್ಲಿ ಕಣ್ಣಿಟ್ಟು ತಲೆಯಾಡಿಸಿದ. ಅವನ ಹಳೆಯ ವಿಭಾಗದಲ್ಲಿ ಇಂಥವಳೊಬ್ಬಳು ಇದ್ದಿದ್ದರೆ ಮೂರು ದಿನಕ್ಕೆ ಅಳಿಸಿ ಮನೆಗೆ ಕಳಿಸುತ್ತಿದ್ದ, ಎಂದುಕೊಂಡ. ಅಷ್ಟರಲ್ಲಿ ಹೆಂಡತಿಯ ಫೋನು. ಕೋಣೆಯಿಂದ ಹೊರಗೆ ಹೋಗಿ ಎತ್ತಿಕೊಂಡ. ‘ಹೇಗಾಯ್ತುರೀ? ನಾನೇನು ಗಡಿಬಿಡಿ ಮಾಡ್ತಿಲ್ಲ, ಸುಮ್ನೆ ಕೇಳ್ದೆ. ನನ್ನ ತಮ್ಮ ಫೋನ್ ಮಾಡಿದ್ದ, ಕುರ್ಚಿ ತಂದಿದಾನಂತೆ. ನಾನು ಅವನಿಗೆ ಹೇಳ್ದೆ, ಕುರ್ಚಿ ನೀನೇ ಇಟ್ಕೊ, ನಮ್ಮನೆಯೋರು ಇವತ್ತಿಂದ ಆಡಿಟರ್ ಅಂತ. ಸರಿ ತಾನೇ ನಾನ್ ಹೇಳಿದ್ದು?’ ಅವನು ‘ಹೂಂ’ ಎಂದ. ಅವಳು ಅಷ್ಟಕ್ಕೇ ಖುಷಿಪಟ್ಟು ಫೋನಿಟ್ಟಳು. ಕಾರಿಡಾರಿನ ಗೋಡೆಗೆ ಒರಗಿ ನಿಂತವನಿಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಯಾರು ಹೇಳು ಅಂದರು ಇವಳಿಗೆ?

ಮಧ್ಯಾಹ್ನ ವರದಿ ಬರೆಯಲು ಕೂತ. ಮೊದಲು ಸಿಲಿಂಡರು, ಮೈನರ್. ಆಮೇಲೆ ಡ್ರಾಯಿಂಗು, ಮೈನರ್. ಬೆರಳು ಸಲೀಸಾಗಿ ಓಡಿತು. ಆಮೇಲೆ ನಿಂತಿತು. ಈ ಕಸುಬಿನಲ್ಲಿ ಮೇಜರ್, ಮೈನರ್ ಎರಡೂ ಅಲ್ಲದ ಇನ್ನೊಂದು ಖಾನೆಯಿದೆ, ‘ಸುಧಾರಣೆಗೆ ಅವಕಾಶ’ ಎಂದು. ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ, ಏನೂ ಮಾಡಬೇಕಾಗಿಲ್ಲ. ಬೇಡದ ನೆಂಟರಿಗೆ ‘ಯಾವಾಗಲಾದ್ರೂ ಬನ್ನಿ’ ಅಂದ ಹಾಗೆ. ಅವನು ಬರೆದ: ‘ಹೊರೆ ಪರೀಕ್ಷೆಯ ವಿಧಾನವನ್ನು ಮತ್ತಷ್ಟು ಬಲಪಡಿಸುವ ಬಗ್ಗೆ ಸಂಸ್ಥೆಯು ಪರಿಶೀಲಿಸಬಹುದು.’ ಓದಿಕೊಂಡ. ಒಂದು ಸುಳ್ಳೂ ಇರಲಿಲ್ಲ. ಅವಳು ಗಮನಿಸಿದ್ದರೆ, ನೋಡಿ ಬರೆದಿದ್ದೇನಲ್ಲ ಎನ್ನಬಹುದು. ಗಮನಿಸಿಲ್ಲದಿದ್ದರೆ ಯಾರಿಗೂ ಏನೂ ಕಾಣುವುದಿಲ್ಲ. ಎರಡು ಬಾಗಿಲಿನ ಮನೆ, ಎಂಥ ಜಾಣ. ಕನ್ನಡಿ ಶೂಸಿನ ಆ ಕನ್ಸಲ್ಟೆಂಟಿಗೂ ಇಷ್ಟು ನಯವಾಗಿ ಬರೆಯಲಾಗುತ್ತಿರಲಿಲ್ಲ, ಎಂದು ತನ್ನನ್ನೇ ಹೀಯಾಳಿಸಿಕೊಂಡ, ಆ ಹೀಯಾಳಿಕೆಯಲ್ಲೂ ಒಂದು ಚೂರು ಮೆಚ್ಚುಗೆ ಇತ್ತು. ಮುಕ್ತಾಯದ ಸಭೆಯಲ್ಲಿ ಎಲ್ಲರ ಕಣ್ಣಲ್ಲಿ ಕಣ್ಣಿಟ್ಟು ಅದನ್ನು ಓದಿದ. ಬಾಗಿಲ ಬಳಿ ನಿಂತಿದ್ದ ಸ್ಟೋರ್ ಕೀಪರ್, ತನ್ನ ಪರೀಕ್ಷೆಯ ಮಾತು ಬಂದದ್ದಕ್ಕೆ ಎದೆ ಸೆಟೆಸಿ, ‘ಬಲಪಡಿಸ್ತೀವಿ ಸಾರ್’ ಎಂದ. ಜನ ನಕ್ಕರು. ಎಮ್ಮಾರ್ ಚಪ್ಪಾಳೆ ತಟ್ಟಿದ. ಈ ಚಪ್ಪಾಳೆಗಾಗಿಯೇ ತಾನು ಒಮ್ಮೆ ಒಬ್ಬನ ಮೇಲೆ ಹೊಟ್ಟೆ ಉರಿದುಕೊಂಡಿದ್ದೆ ಎಂಬುದು ತಟ್ಟನೆ ಹೊಳೆಯಿತು.

ಸಂಜೆ ಏಣಿ ಕಂಪನಿಯ ವ್ಯಾನಿನಲ್ಲಿ ಅವಳು ಪಕ್ಕದಲ್ಲಿ ಕೂತಳು. ಸ್ವಲ್ಪ ದೂರ ಹೋದ ಮೇಲೆ, ‘ನಾಳೆ ನನ್ನ ವರದಿ ಹೋಗುತ್ತೆ. ಈಗಲೇ ಹೇಳ್ಬಿಡ್ತೀನಿ, ನೀವು ಕಾಯೋದು ಯಾಕೆ. ಆಗಬಹುದು ಅಂತ ಬರ್ದಿದೀನಿ’ ಎಂದಳು. ‘ಶುರುವಲ್ಲಿ ತಡವರಿಸಿದ್ರಿ. ಮುಕ್ತಾಯ ತುಂಬಾ ಚೆನ್ನಾಗಿತ್ತು. ಹದವಾಗಿ, ಯಾರಿಗೂ ನೋವಾಗದ ಹಾಗೆ ಹೇಳಿದ್ರಿ. ಎಷ್ಟೋ ಜನ ಹೊಸಬರು ಮೊದಲನೇ ದಿನವೇ ಏನೋ ಕಂಡುಹಿಡೀತೀನಿ ಅಂತ ಹಾರಾಡ್ತಾರೆ.’ ಅವನು ಥ್ಯಾಂಕ್ಸ್ ಎಂದ. ತನಗೆ ಆಗುತ್ತಿರುವುದು ಸಂತೋಷವೇ ಇರಬೇಕು ಎಂದುಕೊಂಡ. ಅವಳು ಇಳಿಯುವ ತಿರುವು ಬಂತು. ಚೀಲ ಎತ್ತಿಕೊಳ್ಳುತ್ತ, ಮೊದಲ ಸಲ ನಕ್ಕು, ‘ಆ ಸ್ಟೋರ್ ಕೀಪರ್ ಮಾತ್ರ ಭೇಷ್. ಅಷ್ಟೊಂದು ತೂಕ ಇಳ್ಸೋದು ತಮಾಷೆ ಅಲ್ಲ. ನಾನು ವರ್ಷದಿಂದ ಒದ್ದಾಡ್ತಿದೀನಿ, ಒಂದು ಕೆಜಿ ಕಮ್ಮಿ ಆಗ್ತಿಲ್ಲ. ಏನ್ ತಿಂತಾರೆ ಅಂತ ಕೇಳ್ಬೇಕಿತ್ತು ಕಣ್ರೀ’ ಎಂದಳು. ಅವನೂ ನಕ್ಕ. ಅವಳು ಏನನ್ನೂ ನೋಡಿರಲಿಲ್ಲ. ಅವಳ ಕಣ್ಣೆದುರೇ ಹತ್ತಿ, ಕುಪ್ಪಳಿಸಿ, ತೂಕ ಹೇಳಿ ಇಳಿದಿದ್ದ ಮನುಷ್ಯ. ಹೆದರಿದ್ದೇ ದಂಡವಾಯಿತಲ್ಲ. ಇವಳಿಗೆ ಕಾಣಿಸೀತೆಂದು ತಾನು ಒಂದು ವಾಕ್ಯವನ್ನಾದರೂ ಬರೆದೆ. ಕಾಣಿಸಿಲ್ಲವೆಂದು ಗೊತ್ತಿದ್ದರೆ ಅದನ್ನೂ ಬರೆಯುತ್ತಿರಲಿಲ್ಲ. ಈ ಮಾತು ಎದೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅವನು ಕಿಟಕಿಯ ಗಾಜು ಇಳಿಸಿಕೊಂಡ.

ಮನೆಯ ಗೇಟಿನ ಮುಂದೆ ಡ್ರೈವರ್ ಇಳಿದು, ವ್ಯಾನಿನ ಹಿಂಬಾಗಿಲು ತೆಗೆದು, ಪ್ಲಾಸ್ಟಿಕ್ ಸುತ್ತಿದ ಹೊಸ ಏಣಿಯೊಂದನ್ನು ಎಳೆದ. ‘ನಮ್ಮ ಸಾರ್ ಕೊಟ್ಟು ಕಳ್ಸಿದಾರೆ.’ ಅವನು ಬೇಡ, ನಾವು ತೆಗೆದುಕೊಳ್ಳುವ ಹಾಗಿಲ್ಲ, ವಾಪಸು ಒಯ್ಯಿ ಎಂದ. ‘ವಾಪಸ್ ಒಯ್ದರೆ ನನಗೆ ಬೈಗುಳ ಸಾರ್, ನೀವು ನೀವು ಮಾತಾಡ್ಕೊಳ್ಳಿ’ ಎಂದು ಡ್ರೈವರ್ ಅದನ್ನು ಗೋಡೆಗೆ ಒರಗಿಸಿ ಹೊರಟೇಹೋದ. ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಿದ್ದಳು. ಅವಳು ಏನೂ ಕೇಳಲಿಲ್ಲ, ಮುಖ ನೋಡಿದಳು. ‘ಆಯ್ತು’ ಎಂದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅಳುತ್ತಿಲ್ಲವೆಂದು ತೋರಿಸಲು ಏಣಿಯ ಪ್ಲಾಸ್ಟಿಕ್ಕನ್ನು ಪರಪರ ಹರಿಯತೊಡಗಿದಳು. ‘ಒಳ್ಳೇ ಟೈಮಿಗೆ ಬಂತು ನೋಡಿ. ಇನ್ನು ಮೇಲೆ ಊರೂರು ಹೋಗ್ಬೇಕಲ್ಲ ನೀವು, ಅಟ್ಟದ ಮೇಲೆ ದೊಡ್ಡ ಸೂಟ್‌ಕೇಸು ಇದೆ, ಇಳ್ಸಿ ಒರೆಸಿಡ್ತೀನಿ.’ ನಾಳೆ ಇಳಿಸೋಣ ಬಿಡೇ ಎಂದರೂ ಕೇಳಲಿಲ್ಲ. ಏಣಿಯನ್ನು ಅವಳೇ ನಡುಮನೆಗೆ ಎತ್ತಿ ತಂದು, ಅಟ್ಟದ ಕೆಳಗೆ ನಿಲ್ಲಿಸಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

‘ಬೇಡ, ಇಳಿ’ ಎಂದ.

‘ಯಾಕೆ?’

‘ನಾನು ಹತ್ತುತೀನಿ. ನೀನು ಇಳಿ.’

‘ನಿಮ್ಮ ಮಂಡಿ ನೋವು ನಂಗೊತ್ತಿಲ್ವಾ? ಸುಮ್ನಿರಿ.’ ಇನ್ನೊಂದು ಮೆಟ್ಟಿಲು ಹತ್ತಿದಳು.

‘ಇಳಿಯೇ ಅಂದ್ರೆ ಇಳಿ!’ ದನಿ ಮನೆ ತುಂಬ ಕೇಳಿಸಿತು. ಅವಳು ಹತ್ತಿದಲ್ಲೇ ನಿಂತು ಕೆಳಗೆ ನೋಡಿದಳು. ಬೆಳಗಿನಿಂದ ಕಾದ ಖುಷಿಯೆಲ್ಲ ಮುಖದಿಂದ ಇಳಿದು ಅಲ್ಲಿ ಬೇರೇನೋ ಬಂತು.

‘ಏನು, ನನ್ನ ಭಾರ ತಡೆಯಲ್ಲ ಅಂತಾನಾ? ಅಷ್ಟು ದಪ್ಪ ಆಗಿದೀನಾ ನಾನು?’

‘ಹಾಗಲ್ಲ.’

‘ಮತ್ತೆ ಹೇಗೆ? ನೀವೇ ಹೋಗಿ ನೋಡಿ ಪಾಸ್ ಮಾಡಿ ಬಂದಿರೋ ಏಣಿ ಅಲ್ವಾ ಇದು? ಏನಾಗಿದೆ ಇದಕ್ಕೆ? ಹೇಳಿ.’

ಹೇಳಬಹುದಿತ್ತು. ನಾಲ್ಕು ಮಾತು ಸಾಕಾಗಿತ್ತು. ಆದರೆ ಆ ನಾಲ್ಕು ಮಾತು ಹೇಳಿದರೆ ಅದರ ಹಿಂದೆಯೇ ಐದನೆಯ ಮಾತು ಬರುತ್ತದೆ, ಗೊತ್ತಿದ್ದೂ ಯಾಕೆ ಬರೆಯಲಿಲ್ಲ ಎಂದು. ಅದನ್ನು ಅವಳು ಕೇಳುವುದೂ ಇಲ್ಲ, ಚಿಕ್ಕಮ್ಮನ ಮುಂದೆ ಸೌಟು ಹಿಡಿದು ನಿಂತ ಹಾಗೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ. ಅವನು ಹತ್ತಿರ ಬಂದು ಏಣಿಯ ಎರಡೂ ಕಾಲುಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಅವಳ ಒಡೆದ ಹಿಮ್ಮಡಿಗಳು ಅವನ ಮುಖದ ಮುಂದಿದ್ದವು.

‘ಏನೂ ಆಗಿಲ್ಲ’ ಎಂದ. ‘ಹತ್ತು.’